ಒಂದನೇ ತರಗತಿಯ ಇಂಗ್ಲಿಷ್: ಹೊಸ ಶಿಕ್ಷಕರು ಹೇಳುತ್ತಿರುವುದೇನು?

ಕರ್ನಾಟಕದಲ್ಲಿ ಇಂಗ್ಲಿಷ್ ಕಲಿಕೆಯ ಬಗ್ಗೆ ನಡೆದಷ್ಟು ವಾದ ಬೇರಾವ ವಿಷಯದ ಬಗ್ಗೆಯೂ ನಡೆದಿಲ್ಲ. ಎಂಬತ್ತರ ದಶಕದ ಆರಂಭದ ಗೋಕಾಕ್ ಚಳವಳಿ, 1994ರ ಭಾಷಾನೀತಿ, ಅದನ್ನು ಬದಿಗೊತ್ತಿದ 2008ರ ಹೈಕೋರ್ಟ್ ತೀರ್ಪು, 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತೀರ್ಪನ್ನೇ ಎತ್ತಿಹಿಡಿದದ್ದು ಎಲ್ಲವೂ ನಮಗೆ ಗೊತ್ತಿರುವ ಕತೆ. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಚಂದ್ರಶೇಖರ ಕಂಬಾರರು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಬೇಡವೆಂದು ಗಟ್ಟಿಯಾಗಿ ಹೇಳಿದರು. ಅದೇ ವರ್ಷ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯಿತು. ಈ ಗದ್ದಲದ ನಡುವೆ, ಅಷ್ಟಾಗಿ ಸದ್ದಿಲ್ಲದೆ, ಇನ್ನೊಂದು ದೊಡ್ಡ ಬದಲಾವಣೆ ಆಗಿಹೋಗಿತ್ತು. 2007-08ನೇ ಸಾಲಿನಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದಕ್ಕೆ ಮೊದಲು ಐದನೇ ತರಗತಿಯವರೆಗೆ ಕಾಯಬೇಕಿತ್ತು.

ಇಷ್ಟು ವರ್ಷದ ವಾದವನ್ನು ಜರಡಿ ಹಿಡಿದರೆ ಉಳಿಯುವ ಪ್ರಶ್ನೆಗಳು ಎರಡೇ: ಯಾವ ತರಗತಿಯಿಂದ, ಯಾವ ಮಾಧ್ಯಮದಲ್ಲಿ. ಕಲಿಸುವವರು ಯಾರು, ಆರು ವರ್ಷದ ಮಗುವಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸದ ಬಗ್ಗೆ ಅವರಿಗೇನು ಅನ್ನಿಸುತ್ತದೆ ಎಂದು ಕೇಳಿದವರು ಕಡಿಮೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಭಾಗವಾಗಿ ಇಂಗ್ಲಿಷ್ ಬೋಧನೆಯ ಬಗ್ಗೆ ತಯಾರಾದ ನಿಲುವು ಪತ್ರ ಇದನ್ನು ಆಗಲೇ ಗುರುತಿಸಿತ್ತು. ಇಂಗ್ಲಿಷನ್ನು ಯಾವ ಹಂತದಲ್ಲಿ ತರಬೇಕೆಂಬುದು ಶೈಕ್ಷಣಿಕ ತೀರ್ಮಾನವಾಗಿ ಉಳಿದಿಲ್ಲ, ಅದು ಜನರ ಆಸೆಗೆ ರಾಜಕೀಯ ಕೊಡುವ ಉತ್ತರವಾಗಿದೆ ಎಂಬುದು ಅದರ ಮಾತು. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗ ನನ್ನ ಹಾಗೆ ಕೂಲಿಗೆ ಹೋಗಬಾರದು ಎನ್ನುವ ಅಪ್ಪನಿಗೆ ಇಂಗ್ಲಿಷ್ ಎಂದರೆ ಭಾಷೆಗಿಂತ ಹೆಚ್ಚಾಗಿ ಒಂದು ದಾರಿ. ಆದರೆ ಆ ಆಸೆಯ ಭಾರವನ್ನೆಲ್ಲ ಹೊತ್ತು ತರಗತಿಗೆ ಹೋಗುವವರು ಈಗಷ್ಟೇ ಕೆಲಸಕ್ಕೆ ಸೇರಿದ ಶಿಕ್ಷಕರು, ಅದರಲ್ಲೂ ವರ್ಷ ವರ್ಷ ಬದಲಾಗುವ ಅತಿಥಿ ಶಿಕ್ಷಕರು. ಅವರ ಅಭಿಪ್ರಾಯಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಈ ತಲೆಮಾರಿಗೆ ಒಂದು ವಿಶೇಷವಿದೆ. 2007-08ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳಿಗೆ ಈಗ ಇಪ್ಪತ್ತನಾಲ್ಕರ ಆಸುಪಾಸು ವಯಸ್ಸು. ಅವರಲ್ಲಿ ಕೆಲವರು ಶಿಕ್ಷಕ ತರಬೇತಿಯ ಡಿ.ಎಲ್.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬರೆದು, ಶಾಲೆಗೆ ಶಿಕ್ಷಕರಾಗಿ ಬರುತ್ತಿದ್ದಾರೆ. ಅಂದರೆ ಆ ನೀತಿಯ ಮೊದಲ ಬೆಳೆ ಈಗ ಮೇಜಿನ ಆಚೆ ಬದಿಗೆ ಬಂದು ನಿಂತಿದೆ. ನೀತಿ ಏನು ಸಾಧಿಸಿತು, ಎಲ್ಲಿ ಎಡವಿತು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಈ ಶಿಕ್ಷಕರ ಜೊತೆ ಮಾತಿಗೆ ಕೂತರೆ ಮೊದಲು ಹೊರಬರುವುದು ಮಕ್ಕಳ ವಿಚಾರವಲ್ಲ, ತಮ್ಮದೇ ಇಂಗ್ಲಿಷಿನ ಬಗೆಗಿನ ಅಳುಕು. "ಓದಿದರೆ ಅರ್ಥ ಆಗುತ್ತೆ ಸರ್, ಮಾತಾಡೋಕೆ ಬರಲ್ಲ." ಈ ಮಾತನ್ನು ಬೀದರಿನವರೂ ಹೇಳುತ್ತಾರೆ, ಚಾಮರಾಜನಗರದವರೂ ಹೇಳುತ್ತಾರೆ. ಪದವಿಯವರೆಗೂ ಇಂಗ್ಲಿಷಿನ ಪರೀಕ್ಷೆ ಬರೆದು ಪಾಸಾದವರು ಇವರು. ಬರೆದದ್ದು ಪ್ರಶ್ನೋತ್ತರ, ಬಾಯಿಪಾಠ ಮಾಡಿದ ಪ್ರಬಂಧ, ವ್ಯಾಕರಣದ ಬಿಟ್ಟ ಸ್ಥಳ. ಎದುರಿಗಿರುವವರ ಜೊತೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿ ಎಂದು ಹದಿನೈದು ವರ್ಷದ ಓದಿನಲ್ಲಿ ಯಾರೂ ಕೇಳಲಿಲ್ಲ. ಕೆಲಸಕ್ಕೆ ಬರುವ ಬಾಗಿಲಲ್ಲೂ ಕೇಳುವುದಿಲ್ಲ. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಬರೆಯುವ ಟಿಇಟಿಯ ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆಗಳು. ಎರಡನೇ ಭಾಷೆಯಾಗಿ ಇಂಗ್ಲಿಷಿಗೆ 30. ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಬಾಯಿ ತೆರೆಯದೆ, ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯದೆ ಪೂರ್ತಿ ಅಂಕ ಪಡೆಯಬಹುದು. ಹೀಗೆ ಆಯ್ಕೆಯಾದವರು ಮಾರನೆಯ ದಿನದಿಂದ ಮಾಡಬೇಕಾದ ಕೆಲಸವಾದರೋ ಬಹುಪಾಲು ಬಾಯಿಂದಲೇ ಆಗುವಂಥದ್ದು. ಪುಟ್ಟ ಮಕ್ಕಳಿಗೆ ಇನ್ನೂ ಓದು ಬರಹ ಬಾರದು, ಅವರ ಪಾಲಿನ ಇಂಗ್ಲಿಷ್ ಎಂದರೆ ಟೀಚರ್ ಆಡಿದ ಮಾತಷ್ಟೇ.

ಇದು ನಮ್ಮಲ್ಲಿ ಮಾತ್ರ ಇರುವ ಅಳುಕಲ್ಲ. ಫಿಯೋನಾ ಕೋಪ್ಲಂಡ್, ಸೂ ಗಾರ್ಟನ್ ಮತ್ತು ಆ್ಯನ್ ಬರ್ನ್ಸ್ ಸೇರಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ 4,459 ಶಿಕ್ಷಕರನ್ನು ಜಗತ್ತಿನ ಹಲವು ದೇಶಗಳಲ್ಲಿ ಪ್ರಶ್ನಿಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲೂ ಮಾತು ಕಲಿಸುವುದು, ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುವುದು, ತರಗತಿ ಹಿಡಿತದಲ್ಲಿಡುವುದು, ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಟ್ಟಿಗೆ ನಿಭಾಯಿಸುವುದು ಮುಖ್ಯ ಕಷ್ಟಗಳಾಗಿ ಕಾಣಿಸಿಕೊಂಡವು. ದೇಶ ಬೇರೆಯಾದರೂ ಕಷ್ಟಗಳ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ನಮ್ಮಲ್ಲಿ ಬೇರೆಯಾಗುವುದು ಆ ಕಷ್ಟಗಳಿಗೆ ಹೊಸಬರು ಕಂಡುಕೊಳ್ಳುವ ಕಾರಣ. ನನಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಮಕ್ಕಳಿಗೂ ಬರುತ್ತಿಲ್ಲ ಎಂದು ಅವರು ಪೂರ್ತಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ ಅದು.

ಉಳಿದರ್ಧ ಕಾಣಬೇಕಾದರೆ ಅವರ ನಂಬಿಕೆಗಳನ್ನು ನೋಡಬೇಕು. ಎಷ್ಟು ಚಿಕ್ಕಂದಿನಲ್ಲಿ ಶುರುಮಾಡಿದರೆ ಅಷ್ಟು ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಬಳಸಬಾರದು, ಬಳಸಿದರೆ ಇಂಗ್ಲಿಷ್ ಕೆಡುತ್ತದೆ. ಇಂಗ್ಲಿಷ್ ಹೆಚ್ಚು ಹೊತ್ತು ಇದ್ದಷ್ಟೂ ಒಳ್ಳೆಯದು. ಚೆನ್ನಾಗಿ ಕಲಿಸುವವರು ಎಂದರೆ ಕಾನ್ವೆಂಟಿನವರ ಹಾಗೆ ಉಚ್ಚಾರ ಇರುವವರು. ಈ ಮಾತುಗಳನ್ನು ಕೇಳಿದಾಗಲೆಲ್ಲ ನನಗೆ 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ನಡೆದ ಕಾಮನ್‌ವೆಲ್ತ್ ಸಮ್ಮೇಳನ ನೆನಪಾಗುತ್ತದೆ. ಆಗತಾನೆ ಸ್ವತಂತ್ರವಾಗುತ್ತಿದ್ದ ದೇಶಗಳಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಬೇಕೆಂದು ಅಲ್ಲಿ ಚರ್ಚೆಯಾಯಿತು. ಅದರಿಂದ ಬೆಳೆದ ಐದು ನಂಬಿಕೆಗಳನ್ನು ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಪುಸ್ತಕದಲ್ಲಿ ಬೇರ್ಪಡಿಸಿ, ಐದೂ ಆಧಾರವಿಲ್ಲದವು ಎಂದು ವಾದಿಸಿದರು: ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಅದು ತಾಯ್ನುಡಿಯಾಗಿರುವವರೇ ಆದರ್ಶ ಶಿಕ್ಷಕರು, ಬೇಗ ಶುರುವಾದಷ್ಟೂ ಮೇಲು, ಹೆಚ್ಚಾದಷ್ಟೂ ಮೇಲು, ಬೇರೆ ಭಾಷೆ ಸೇರಿದರೆ ಮಟ್ಟ ಕುಸಿಯುತ್ತದೆ. ಮಕೆರೆರೆಯ ಹೆಸರನ್ನೇ ಕೇಳದ ಯಾದಗಿರಿಯ ಹೊಸ ಶಿಕ್ಷಕಿಯ ಬಾಯಲ್ಲಿ ಅದೇ ಐದು ಮಾತು ಬರುತ್ತವೆ.

ಎಲ್ಲಿಂದ ಬಂದವು? ಅಮೆರಿಕದ ಡ್ಯಾನ್ ಲಾರ್ಟಿ 1975ರಲ್ಲೇ ಇದಕ್ಕೊಂದು ವಿವರಣೆ ಕೊಟ್ಟಿದ್ದರು. ಶಿಕ್ಷಕರಾಗುವವರು ತರಬೇತಿಗೆ ಸೇರುವ ಹೊತ್ತಿಗೆ ಸಾವಿರಾರು ಗಂಟೆ ತಮ್ಮ ಮೇಷ್ಟ್ರುಗಳನ್ನು ಬೆಂಚಿನ ಮೇಲೆ ಕೂತು ನೋಡಿಬಿಟ್ಟಿರುತ್ತಾರೆ. ಪಾಠ ಎಂದರೆ ಹೀಗೆ ಎಂಬ ಚಿತ್ರ ಆಗಲೇ ಗಟ್ಟಿಯಾಗಿರುತ್ತದೆ. ಎರಡು ವರ್ಷದ ಡಿ.ಎಲ್.ಇಡಿ. ಆ ಚಿತ್ರದ ಮೇಲೆ ತೆಳುವಾದ ಬಣ್ಣ ಬಳಿಯುತ್ತದೆ ಅಷ್ಟೆ. ಮೊದಲ ತಿಂಗಳ ಗಲಾಟೆಯಲ್ಲಿ ಬಣ್ಣ ಉದುರಿ ಹಳೇ ಚಿತ್ರವೇ ಮೇಲೆ ಬರುತ್ತದೆ. ಮೇಷ್ಟ್ರು ಓದಿದರು, ನಾವು ಹಿಂದೆ ಹೇಳಿದೆವು, ಬೋರ್ಡಿನ ಮೇಲಿನದ್ದನ್ನು ಬರೆದುಕೊಂಡೆವು. ಹೊಸಬರೂ ಅದನ್ನೇ ಮಾಡುತ್ತಾರೆ.

ಬೇಗ ಶುರುಮಾಡಬೇಕೆಂಬ ನಂಬಿಕೆಯ ಬೇರು ಇನ್ನೂ ಆಳ. 1967ರಲ್ಲಿ ಎರಿಕ್ ಲೆನೆಬರ್ಗ್, ಭಾಷೆ ಸಹಜವಾಗಿ ಕೂಡಿಬರಲು ಹರೆಯಕ್ಕೆ ಮುಂಚಿನ ಒಂದು ನಿರ್ದಿಷ್ಟ ಕಾಲ ಇದೆ ಎಂದು ವಾದಿಸಿದರು. ಆ ವಾದ ಸುತ್ತಮುತ್ತ ಭಾಷೆ ತುಂಬಿರುವ ಮಗುವಿನದ್ದು. ದಿನಕ್ಕೊಂದು ಪೀರಿಯಡ್ಡಿನ ಮಗುವಿಗೆ ಅದನ್ನು ಹಾಗೆಯೇ ಹೊಂದಿಸಲಾಗದು. ಸ್ಪೇನಿನ ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಮತ್ತು ಸಂಗಡಿಗರು ಬೇರೆ ಬೇರೆ ವಯಸ್ಸಿನಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಶುರುಮಾಡಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ಅಷ್ಟೇ ಗಂಟೆಗಳ ಪಾಠದ ನಂತರ ತಡವಾಗಿ ಶುರುಮಾಡಿದ ದೊಡ್ಡ ಮಕ್ಕಳೇ ಮುಂದಿದ್ದರು. ನಮ್ಮ ಲೆಕ್ಕವನ್ನೇ ಹಾಕೋಣ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ದಿನಕ್ಕೊಂದು 40 ನಿಮಿಷದ ಇಂಗ್ಲಿಷ್ ಪೀರಿಯಡ್ ಒಂದೂ ತಪ್ಪದೆ ನಡೆದರೆ ವರ್ಷಕ್ಕೆ ಸುಮಾರು 133 ಗಂಟೆ. ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಿರುವ ಮಗು ತನ್ನ ಮನೆಮಾತನ್ನು ಹನ್ನೊಂದೇ ದಿನದಲ್ಲಿ ಅಷ್ಟು ಹೊತ್ತು ಕೇಳಿಸಿಕೊಳ್ಳುತ್ತದೆ. ಒಂದನೇ ತರಗತಿಯಿಂದ ಕಲಿಸಬಾರದೆಂದು ಇದರ ಅರ್ಥವಲ್ಲ. ಪುಟ್ಟ ಮಕ್ಕಳಿಗೆ ನಾಚಿಕೆ ಕಡಿಮೆ, ಕಿವಿ ಚುರುಕು. ಭಾಷೆಯ ಮೇಲೆ ಪ್ರೀತಿ ಹುಟ್ಟಿಸಲು ಅದು ಒಳ್ಳೆಯ ವಯಸ್ಸು. ಬೇಗ ಶುರುಮಾಡಿದ್ದೇವೆ, ಇನ್ನು ತಾನಾಗಿ ಬರುತ್ತದೆ ಎಂಬ ಭರವಸೆ ಮಾತ್ರ ಬೇಡ. ಅದೇ ಭರವಸೆಯಲ್ಲಿ ಕೆಲಸ ಶುರುಮಾಡಿದ ಹೊಸ ಶಿಕ್ಷಕರು ಎರಡನೇ ವರ್ಷಕ್ಕೆ ಕುಗ್ಗಿ ಹೋಗುತ್ತಾರೆ.

ಕನ್ನಡ ಬಳಸುವುದರ ಬಗ್ಗೆ ಇವರಲ್ಲಿರುವ ತಪ್ಪಿತಸ್ಥ ಭಾವ ಇದಕ್ಕಿಂತ ನೋವಿನ ಸಂಗತಿ. ಎಲ್ಲರೂ ಬಳಸುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಬಾಗಿಲಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಕಾಣಿಸಿಕೊಂಡರೆ ಮಾತು ಥಟ್ಟನೆ ಇಂಗ್ಲಿಷಿಗೆ ಹೊರಳುತ್ತದೆ, ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ಮಗುವಿನ ಮೊದಲ ಭಾಷೆಯಲ್ಲಿ ಬಲಿತ ಓದಿನ ಶಕ್ತಿ ಎರಡನೆಯದಕ್ಕೂ ದಾಟುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದಲೇ ಹೇಳುತ್ತ ಬಂದಿದ್ದಾರೆ. ಅದನ್ನು ಡಿ.ಎಲ್.ಇಡಿ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೂ ತರಗತಿಯಲ್ಲಿ ಕನ್ನಡ ಆಡಿದರೆ ತಪ್ಪು ಮಾಡಿದೆವೆಂದು ಕೊರಗುತ್ತಾರೆ.

ಇದಕ್ಕೆ ಎದುರಾಗಿ ಒಂದು ತರಗತಿಯನ್ನು ಹತ್ತಿರದಿಂದ ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ, ಒಂದು ಎರಡು ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿದ್ದಾರೆ, ಟೀಚರಿಗೆ ಇದು ಎರಡನೇ ವರ್ಷ. ಮೇಕೆಯೊಂದು ಯಾರದೋ ಹೊಲಕ್ಕೆ ನುಗ್ಗುವ ಕತೆಯನ್ನು ಕನ್ನಡದಲ್ಲೇ ಹೇಳಲು ಶುರುಮಾಡಿದರು. ಎರಡನೇ ಸಲ ಹೇಳುವಾಗ ಮೇಕೆ 'ಗೋಟ್' ಆಯಿತು, ಹೊಲ 'ಫೀಲ್ಡ್' ಆಯಿತು. ಮೂರನೇ ಸಲ 'ರನ್' ಬಂತು, 'ಈಟ್' ಬಂತು, ಕನ್ನಡ ಕಡಿಮೆಯಾಗುತ್ತ ಹೋಯಿತು. ಆಮೇಲೆ ಮೇಕೆ ಏನು ಮಾಡುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಗೋಟ್ ರಾಗಿ ಈಟಿಂಗ್ ಮಿಸ್!" ಎಂದ. ಮೇಕೆ ರಾಗಿ ತಿನ್ನುತ್ತಿದೆ ಎಂಬ ಕನ್ನಡದ ಕ್ರಮದಲ್ಲೇ ಇಂಗ್ಲಿಷ್ ಪದಗಳು ಕೂತಿದ್ದವು. ಟೀಚರ್ ತಪ್ಪು ಎನ್ನಲಿಲ್ಲ. "ಎಸ್, ದ ಗೋಟ್ ಈಸ್ ಈಟಿಂಗ್ ರಾಗಿ" ಎಂದು ನಗುತ್ತ ಅವನ ಮಾತನ್ನೇ ಸರಿಯಾದ ಕ್ರಮದಲ್ಲಿ ಹಿಂತಿರುಗಿಸಿ ಕತೆ ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಹುಡುಗಿ 'ಗೋಟ್ ಈಸ್ ಈಟಿಂಗ್ ಫ್ಲವರ್' ಎಂದಳು. ಅಲ್ಲಿ ನಡೆದದ್ದು ನಿಜವಾದ ಭಾಷಾ ಕಲಿಕೆ. ಪಾಠ ಮುಗಿದ ಮೇಲೆ ಆ ಟೀಚರ್ ಆಡಿದ ಮೊದಲ ಮಾತು, "ಕನ್ನಡ ಜಾಸ್ತಿ ಆಯ್ತಲ್ವಾ ಸರ್?"

ಆ ಹುಡುಗ ವಾಕ್ಯ ಕಟ್ಟಿದ್ದು ಕನ್ನಡದ ಆಸರೆಯಿಂದ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಅವನದ್ದು ಸೋಲಲ್ಲ, ನಡುದಾರಿ. ಆ ನಡುದಾರಿಯನ್ನು ಗುರುತಿಸುವ ಕಣ್ಣು ಕೊಡುವುದೇ ತರಬೇತಿಯ ಮುಖ್ಯ ಕೆಲಸವಾಗಬೇಕಿತ್ತು. ಇನ್ನು ಕನ್ನಡವೇ ಮನೆಮಾತಲ್ಲದ ಮಕ್ಕಳಿರುವ ಕಡೆ ಸಮಸ್ಯೆ ದುಪ್ಪಟ್ಟು. ಲಂಬಾಣಿ ತಾಂಡಾದ ಶಾಲೆಗೆ, ಗಡಿಯ ತೆಲುಗು ಮರಾಠಿ ಹಳ್ಳಿಗೆ, ಬ್ಯಾರಿ ಕೊಂಕಣಿ ಆಡುವ ಕರಾವಳಿಗೆ ಬೇರೆ ಜಿಲ್ಲೆಯಿಂದ ನೇಮಕವಾಗಿ ಬಂದವರು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಿದರೆ ಮಗುವಿಗೆ ಎರಡೂ ಹೊಸತು. ಅಲ್ಲಿ ಅಂಗನವಾಡಿಯ ಕಾರ್ಯಕರ್ತೆಯನ್ನೋ ಮೂರನೇ ತರಗತಿಯ ಚೂಟಿ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡುವ ಹೊಸ ಶಿಕ್ಷಕರಿದ್ದಾರೆ. ಯಾವ ಕೈಪಿಡಿಯಲ್ಲೂ ಇಲ್ಲದ ಉಪಾಯ ಅದು. ನನಗೆ ಅವರ ಮೇಲೆ ಬಹಳ ಗೌರವ.

ಅಕ್ಷರದ ವಿಚಾರಕ್ಕೆ ಬರೋಣ. ಇಂಗ್ಲಿಷ್ ಎಂದರೆ ಎಬಿಸಿಡಿ ಎಂಬುದು ತಂದೆತಾಯಿಗಳ ತಿಳಿವಳಿಕೆ, ನಾಲ್ಕು ಗೆರೆಯ ಪುಸ್ತಕ ತುಂಬಿತೇ ಎಂಬುದು ಅವರ ಅಳತೆ. ಹೊಸಬರು ಅದಕ್ಕೆ ಬೇಗ ಮಣಿಯುತ್ತಾರೆ. ತೊಂದರೆ ಎಲ್ಲಿದೆ ನೋಡಿ. ಕನ್ನಡದಲ್ಲಿ 'ಮ' ಎಂಬ ಅಕ್ಷರದ ಹೆಸರೂ 'ಮ', ಉಲಿಯೂ 'ಮ'. ಇಂಗ್ಲಿಷಿನಲ್ಲಿ ಹೆಸರು ಒಂದು, ಉಲಿ ಇನ್ನೊಂದು. ಸಿ-ಎ-ಟಿ ಕ್ಯಾಟ್ ಎಂದು ರಾಗವಾಗಿ ಒಪ್ಪಿಸುವ ಮಗುವಿಗೆ 'ಸಿ', 'ಎ', 'ಟಿ' ಸೇರಿ 'ಕ್ಯಾಟ್' ಹೇಗಾಯಿತೆಂದು ಗೊತ್ತಿರುವುದಿಲ್ಲ. ಹೊಸ ಪದ ಕೊಟ್ಟರೆ ಓದಲಾರದು. ಈಚಿನ ಶಿಕ್ಷಕರು ಯೂಟ್ಯೂಬ್ ನೋಡಿ ಫೋನಿಕ್ಸ್, ಅಂದರೆ ಉಲಿ ಹಿಡಿದು ಓದುವ ಕ್ರಮ, ಕಲಿಸಲು ಹೊರಡುತ್ತಾರೆ, ಅದು ಒಳ್ಳೆಯ ಹೆಜ್ಜೆ. ಆದರೆ ನಮ್ಮ ವ್ಯಂಜನಕ್ಕೆ 'ಅ' ಅಂಟಿಕೊಂಡೇ ಇರುತ್ತದೆ. ಹಾಗಾಗಿ ಟೀಚರೂ ಮಕ್ಕಳೂ 'ಕ', 'ಆ್ಯ', 'ಟ' ಎನ್ನುತ್ತಾರೆ, ಕೂಡಿಸಿದರೆ 'ಕ್ಯಾಟ್' ಆಗುವುದೇ ಇಲ್ಲ. ಕಾಗುಣಿತ ಮತ್ತು ಅರ್ಧಾಕ್ಷರ ಗೊತ್ತಿರುವ ಮಗುವಿಗೆ 'ಕ್', 'ಆ್ಯ', 'ಟ್' ಎಂದು ಕನ್ನಡದಲ್ಲೇ ಬರೆದು ತೋರಿಸಿದರೆ ಕ್ಷಣದಲ್ಲಿ ಹೊಳೆಯುತ್ತದೆ. ಕನ್ನಡದ ಓದು ಗಟ್ಟಿಯಾದ ಮೇಲೆ ಇಂಗ್ಲಿಷಿನ ಓದು ಶುರುವಾಗಲಿ, ಅಲ್ಲಿಯವರೆಗೆ ಕಿವಿ ಬಾಯಿಯ ಕೆಲಸ ಸಾಕು ಎಂಬ ಮಾತಿಗೆ ಇದಕ್ಕಿಂತ ಸರಳ ಆಧಾರ ಬೇಕಿಲ್ಲ. ಇದನ್ನು ಶಿಕ್ಷಕರು ತಾವಾಗಿ ಕಂಡುಕೊಳ್ಳುವ ಹೊತ್ತಿಗೆ ಎರಡು ಮೂರು ವರ್ಷದ ಮಕ್ಕಳು ದಾಟಿ ಹೋಗಿರುತ್ತಾರೆ.

ಹಾಡು, ಆಟ, ಅಭಿನಯದ ಬಗ್ಗೆ ಹೊಸ ಶಿಕ್ಷಕರಲ್ಲಿ ಉತ್ಸಾಹವಿದೆ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಹುಟ್ಟಿ ಮುಂದೆ ರಾಜ್ಯದ ಎಲ್ಲೆಡೆ ಹಬ್ಬಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಅವರಿಗೆ ಪರಿಚಿತ, ಅದರ ಇಂಗ್ಲಿಷ್ ರೂಪದ ಕಾರ್ಡುಗಳೂ ಶಾಲೆಗಳಿಗೆ ಬಂದಿವೆ. ಅವರನ್ನು ಕಾಡುವುದು ಬೇರೆ. ಹಾಡಿಸಿದೆವು, ಕುಣಿಸಿದೆವು, ಮಕ್ಕಳು ಖುಷಿಯಾಗಿದ್ದಾರೆ, ಕಲಿತದ್ದೇನು? ತುಂಬ ಪ್ರಾಮಾಣಿಕವಾದ ಪ್ರಶ್ನೆ ಇದು. ಅಭಿನಯಗೀತೆಯ ಸಾಲುಗಳನ್ನು ಅಚ್ಚುಕಟ್ಟಾಗಿ ಹಾಡುವ ಮಗು ಅದರೊಳಗಿನ ಒಂದು ಪದವನ್ನೂ ಬಿಡಿಸಿ ಬಳಸಲಾರದೆ ಇರಬಹುದು.

ಉತ್ತರದ ಒಂದು ತುಣುಕು ನಮ್ಮ ಬೆಂಗಳೂರಿನಲ್ಲೇ ಇದೆ. 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ 'ಬೆಂಗಳೂರು ಯೋಜನೆ' ಎಂದೇ ಜಗತ್ತಿಗೆ ಗೊತ್ತು. ವ್ಯಾಕರಣದ ಪಟ್ಟಿ ಹಿಡಿದು ಕಲಿಸುವ ಬದಲು ಮಕ್ಕಳ ಮುಂದೆ ಬಿಡಿಸಬೇಕಾದ ಲೆಕ್ಕ ಇಡುತ್ತಿದ್ದರು: ರೈಲ್ವೆ ವೇಳಾಪಟ್ಟಿ ನೋಡಿ ಪ್ರಯಾಣ ಗೊತ್ತುಮಾಡುವುದು, ನಕ್ಷೆಯಲ್ಲಿ ದಾರಿ ಹುಡುಕುವುದು. ಗಮನ ಉತ್ತರದ ಮೇಲೆ, ಇಂಗ್ಲಿಷ್ ಆ ಕೆಲಸದ ನಡುವೆ ಬಂದದ್ದು. 1987ರಲ್ಲಿ ಪ್ರಭು ಬರೆದ ಪುಸ್ತಕವನ್ನು ಭಾಷಾ ಬೋಧನೆಯ ವಿದ್ಯಾರ್ಥಿಗಳು ಇಂದಿಗೂ ದೇಶವಿದೇಶಗಳಲ್ಲಿ ಓದುತ್ತಾರೆ. ನಮ್ಮ ಡಿ.ಎಲ್.ಇಡಿ. ವಿದ್ಯಾರ್ಥಿಗಳಲ್ಲಿ ಆ ಹೆಸರು ಕೇಳಿದವರನ್ನು ಕಾಣುವುದು ಕಷ್ಟ. ಗೋಕಾಕ್ ಚಳವಳಿಗೆ ಯಾರ ಹೆಸರು ಬಂತೋ ಆ ಗೋಕಾಕರೂ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು, ಇಂಗ್ಲಿಷ್ ಪ್ರಾಧ್ಯಾಪಕರು. ಕನ್ನಡದ ಪರ ನಿಲ್ಲುವುದು, ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಎರಡೂ ಒಬ್ಬರಲ್ಲೇ ಇರಲು ಸಾಧ್ಯವಿದ್ದ ನಾಡು ಇದು.

ಹೊಸ ಶಿಕ್ಷಕರ ಮಾತಿನಲ್ಲಿ ಕೊನೆಗೆ ಬರುವುದು, ಆದರೆ ದಿನವಿಡೀ ಅವರನ್ನು ಹಿಂಡುವುದು, ಸಮಯ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯಿದೆಯ ಅಳತೆ. ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರು, ಸಭೆ, ಬ್ಯಾಂಕು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಭರ್ತಿ ಎಂದು ಓಡಾಡುತ್ತಾರೆ. ಉಳಿದವರು ಐದು ತರಗತಿಯನ್ನು ನೋಡಬೇಕು. ಆಗ ಮೊದಲು ಬಿಟ್ಟುಹೋಗುವುದು ಮಾತಾಡಿಸುವ ಕೆಲಸ, ಉಳಿಯುವುದು ಕಾಪಿ ಬರೆಸುವ ಕೆಲಸ. ಸೈಮನ್ ವೀನ್‌ಮನ್ 1984ರಲ್ಲಿ ಹೊಸ ಶಿಕ್ಷಕರ ಕಷ್ಟಗಳ ಬಗ್ಗೆ 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತರಗತಿಯ ಶಿಸ್ತೇ ಮೊದಲ ಸ್ಥಾನದಲ್ಲಿತ್ತು. ಇಂಗ್ಲಿಷ್ ಪಾಠಕ್ಕೆ ಇದು ಇನ್ನೂ ದೊಡ್ಡ ಸಂಕಟ, ಏಕೆಂದರೆ ಭಾಷೆ ಕಲಿಯುವ ತರಗತಿ ಸದ್ದು ಮಾಡಲೇಬೇಕು. ಪಕ್ಕದ ಕೋಣೆಯ ಹಿರಿಯರು "ಏನ್ರೀ ಇದು ಸಂತೆ?" ಎಂದರೆ ಹೊಸಬರು ಸುಮ್ಮನೆ ನಾಲ್ಕು ಗೆರೆ ಪುಸ್ತಕ ತೆಗೆಸುತ್ತಾರೆ.

ಹಾಗಾದರೆ ಅವರು ಕೇಳುತ್ತಿರುವುದೇನು? ಆಶ್ಚರ್ಯವೆಂದರೆ ಬಹಳ ಸಣ್ಣ ಸಂಗತಿಗಳು. ಮೊದಲನೆಯದು, ಚೆನ್ನಾಗಿ ಕಲಿಸುವ ಇನ್ನೊಬ್ಬರ ತರಗತಿಯಲ್ಲಿ ಒಂದಷ್ಟು ದಿನ ಕೂರುವ ಅವಕಾಶ. ಉಪನ್ಯಾಸದ ತರಬೇತಿ ಸಾಕಾಗಿದೆ, ಒಂದನೇ ತರಗತಿಯ ಮಕ್ಕಳ ಮುಂದೆ ಮಾಡಿ ತೋರಿಸುವವರು ಬೇಕು. ಇನ್ನೊಂದು, ತಮ್ಮ ಇಂಗ್ಲಿಷನ್ನು ಬೆಳೆಸಿಕೊಳ್ಳಲು ಭಯವಿಲ್ಲದ ಜಾಗ. ಒಂದನೇ ತರಗತಿಗೆ ಬೇಕಾದ ಇಂಗ್ಲಿಷ್ ಅಪಾರವೇನಲ್ಲ. ಕರೆಯುವುದು, ಕೂರಿಸುವುದು, ಹೊಗಳುವುದು, ಕತೆ ಹೇಳುವುದು, ಏನು ಎಲ್ಲಿ ಯಾಕೆ ಎಂದು ಕೇಳುವುದು. ಇಷ್ಟನ್ನು ಅಳುಕಿಲ್ಲದೆ ಆಡಲು ಕೆಲವು ತಿಂಗಳ ನಿತ್ಯದ ಅಭ್ಯಾಸ ಸಾಕು. ಶೇಕ್ಸ್‌ಪಿಯರನನ್ನು ಓದಿದ ಎಂ.ಎ. ಪದವೀಧರರಿಗಿಂತ ಇದನ್ನು ಸರಾಗವಾಗಿ ಆಡುವವರು ಪುಟ್ಟ ಮಕ್ಕಳಿಗೆ ಹೆಚ್ಚು ಉಪಕಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಇದನ್ನು ನೇಮಕಾತಿಯಲ್ಲೂ ಅಳೆಯಬೇಕು. ಹತ್ತು ನಿಮಿಷ ಮಕ್ಕಳೆದುರು ಕತೆ ಹೇಳಿಸಿ ನೋಡುವ ವ್ಯವಸ್ಥೆ ಮಾಡಲಾಗದಷ್ಟು ದೊಡ್ಡದೇನಲ್ಲ.

ಸರ್ಕಾರಕ್ಕೆ ಕಾಯದೆ ಕೆಲವರು ಶುರುಮಾಡಿಯೂ ಬಿಟ್ಟಿದ್ದಾರೆ. ಕ್ಲಸ್ಟರಿನ ಹೊಸ ಶಿಕ್ಷಕರು ನಾಲ್ಕೈದು ಜನ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡು, ರಾತ್ರಿ ಊಟವಾದ ಮೇಲೆ ಅವತ್ತಿನ ತರಗತಿಯಲ್ಲಿ ನಡೆದದ್ದನ್ನು ಇಂಗ್ಲಿಷಿನಲ್ಲಿ ಧ್ವನಿ ಸಂದೇಶವಾಗಿ ಕಳಿಸುತ್ತಾರೆ. ನಿಯಮ ಒಂದೇ, ಯಾರ ತಪ್ಪನ್ನೂ ಯಾರೂ ಎತ್ತಿ ಹೇಳುವ ಹಾಗಿಲ್ಲ. ಮೊದಮೊದಲು ಎರಡೇ ವಾಕ್ಯಕ್ಕೆ ನಿಲ್ಲುತ್ತಿದ್ದ ಸಂದೇಶಗಳು ಉದ್ದವಾಗುತ್ತಿವೆ. ಅವುಗಳಲ್ಲಿ ಯಾವ ಮಗು ಇವತ್ತು ಮೊದಲ ಸಲ ಬಾಯಿಬಿಟ್ಟಿತು, ಯಾವ ಕತೆ ಹಿಡಿಸಲಿಲ್ಲ, ನಾಳೆ ಏನು ಮಾಡಬೇಕೆಂದಿದ್ದೇನೆ ಎಂಬ ವಿವರಗಳಿರುತ್ತವೆ. ತಿಂಗಳ ಸಮಾಲೋಚನಾ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಬಿಟ್ಟುಕೊಡಿ ಎಂದು ಅವರು ಕೇಳುತ್ತಿದ್ದಾರೆ.